ಸಂಜೆಯೊಳಗೆ ಮುಗಿಯುವ ಪುಸ್ತಕಗಳು

ಭಾಲ್ಕಿಯ ನಮ್ಮ ಮನೆಯ ಪಡಸಾಲೆಯ ಗೋಡೆಯಲ್ಲಿ ಒಂದು ಮಾಡವಿತ್ತು. ಗೋಡೆ ಕಟ್ಟುವಾಗಲೇ ಬಿಟ್ಟ ಗೂಡು, ಮೇಲೆ ಸಣ್ಣ ಕಮಾನು. ಅತ್ತೆಯವರು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅದರಲ್ಲಿ ಅವರ ಎಣ್ಣೆ ಗಿಂಡಿ ಇರುತ್ತಿತ್ತು. ಒಂದು ದಿನ ಅವರು ಆ ಗಿಂಡಿಯನ್ನು ಕೆಳಗಿಳಿಸಿ, ಸೆರಗಿನಿಂದ ಜಿಡ್ಡು ಒರೆಸಿ, ಆ ಜಾಗವನ್ನು ನನ್ನ ಪುಸ್ತಕಗಳಿಗೆ ಬಿಟ್ಟುಕೊಟ್ಟರು. ಮುಂದೆ ನಡೆದದ್ದನ್ನು ಹೇಳಹೊರಟರೆ ಈಗಲೂ ಅವಸರವಾಗುತ್ತದೆ. ಅದಕ್ಕೇ ಕಂಡದ್ದನ್ನು ಕಂಡ ಕ್ರಮದಲ್ಲೇ ನಿಧಾನವಾಗಿ ಬರೆಯುತ್ತೇನೆ.

ಅದು ನಿಜಾಮರ ಕಾಲ. ಸಾಲೆಯಲ್ಲೂ ಉರ್ದು, ಕಚೇರಿಯಲ್ಲೂ ಉರ್ದು. ಔರಾದದ ತವರಿನಲ್ಲಿ ಅಪ್ಪ ಅಂಗಡಿಯ ಕಟ್ಟೆಯ ಮೇಲೆ ಮರಳು ಹರವಿ ನನಗೆ ಕನ್ನಡ ಅಕ್ಷರ ಕಲಿಸಿದ್ದರು. ಮದುವೆಯಾಗಿ ಬಂದ ಮನೆಯಲ್ಲಿ ಓದಬಲ್ಲ ಹೆಂಗಸು ನಾನೊಬ್ಬಳೇ. ಅತ್ತೆಯವರಿಗೆ ಕೇಳುವ ಆಸೆ ಇತ್ತು. ಆದರೆ ಒಂದು ಕಟ್ಟಳೆಯೂ ಇತ್ತು. ನಮ್ಮಲ್ಲಿ ಪುಸ್ತಕವನ್ನು ಓದುವುದು ಎನ್ನುತ್ತಿರಲಿಲ್ಲ, ಹಚ್ಚುವುದು ಎನ್ನುತ್ತಿದ್ದರು. ದೀಪ ಹಚ್ಚಿ, ಮೊದಲು ಸ್ತುತಿ ಓದಿ, ಕೊನೆಯಲ್ಲಿ ಮಂಗಲ ಹಾಡುವ ತನಕ ಆ ದೀಪ ಆರಬಾರದು. ದೊಡ್ಡ ಪುರಾಣ ಹಚ್ಚುವುದು ಮಠಕ್ಕೆ ಸರಿ. ಒಲೆ, ದನ, ಮಕ್ಕಳು ಇರುವ ಮನೆಗೆ ಅದು ಆಗದ ಮಾತು.

"ಮಧ್ಯಾಹ್ನ ಹಚ್ಚಿದ್ದು ಸಂಜಿ ರೊಟ್ಟಿ ಬಡಿಯೋದ್ರಾಗ ಮುಗೀಬೇಕು ನೋಡವ್ವ," ಎಂದರು ಅತ್ತೆ. "ಒಂದರೇ ಪುಸ್ತಕ ಅರ್ಧಕ್ಕ ನಿಂತ್ರ ನನ್ನ ಗಿಂಡಿ ತಿರುಗಿ ಮಾಡದಾಗ ಬರ್ತದ. ನಿನ್ನ ಪುಸ್ತಕ ಎಲ್ಲಾ ಮಠಕ್ಕ ಹೋಗ್ತಾವ."

ನಾನು ಒಪ್ಪಿದೆ.

ಶ್ರಾವಣ ಹತ್ತಿರ ಬಂದಾಗ ಜೋಳದ ವ್ಯಾಪಾರ ಮಾಡುತ್ತಿದ್ದ ಮಾವನವರು ಬೀದರಕ್ಕೆ ಹೊರಟರು. ಗಾಡಿಯಲ್ಲಿ ನನ್ನನ್ನೂ ಕೂರಿಸಿಕೊಂಡರು. ಸೊಲ್ಲಾಪುರದ ಕಡೆಯ ಪುಸ್ತಕದವನೊಬ್ಬ ವರ್ಷಕ್ಕೊಮ್ಮೆ ಬಂದು ಚೌಬಾರಾ ಗೋಪುರದ ನೆರಳಿನಲ್ಲಿ ಜಮಖಾನೆ ಹಾಸಿ ಕೂಡುತ್ತಿದ್ದ. ಅಷ್ಟು ಕನ್ನಡ ಅಕ್ಷರಗಳನ್ನು ಒಂದೇ ಕಡೆ ನಾನು ಹಿಂದೆಂದೂ ಕಂಡಿರಲಿಲ್ಲ. ಮೊದಲು ಯಾವುದನ್ನು ಮುಟ್ಟಬೇಕೆಂದು ತಿಳಿಯದೆ ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತೆ.

ಮಾವನವರಿಗೆ ಓದು ಬರುತ್ತಿರಲಿಲ್ಲ. ಅವರು ಒಂದೊಂದೇ ಪುಸ್ತಕವನ್ನು ಅಂಗೈ ಮೇಲಿಟ್ಟು ಮೇಲೆ ಕೆಳಗೆ ಆಡಿಸತೊಡಗಿದರು.

"ಏನ್ರಿ ಸಾವಕಾರ್ರ, ಪುಸ್ತಕ ತಗೋತೀರೋ, ಜ್ವಾಳ ತೂಗ್ಲತ್ತೀರೋ?" ಎಂದು ಪುಸ್ತಕದವನು ನಕ್ಕ.

"ನಮ್ಮ ಸೊಸಿಗಿ ಹಗರ ಇದ್ದದ್ದು ಬೇಕಪ. ಸಂಜಿ ಒಳಗ ಮುಗೀಬೇಕು."

"ಅಡಿಗಿ ಏನ್ರಿ ಅದು, ಸಂಜಿ ಒಳಗ ಮುಗೀಲಾಕ?"

"ನಮ್ಮ ಮನ್ಯಾಗ ಅಡಿಗಿಕಿಂತ ಬಿಗಿ ಅದ," ಎಂದರು ಮಾವ.

ನನ್ನ ಲೆಕ್ಕ ಬೇರೆ ಇತ್ತು. ನಡುವಿನ ಒಂದು ಪುಟವನ್ನು ತುಟಿಯಲ್ಲೇ ಓದಿ, ಅದಕ್ಕೆ ಹಿಡಿದ ಹೊತ್ತನ್ನು ನೆನಪಿಟ್ಟು, ಉಳಿದ ಹಾಳೆಗಳ ದಪ್ಪವನ್ನು ಹೆಬ್ಬೆರಳಿನಿಂದ ಅಳೆಯುತ್ತಿದ್ದೆ. ಹಾಗೆ ಮೊದಲು ಆರಿಸಿದ್ದು ವಚನಗಳ ಒಂದು ಕಿರು ಹೊತ್ತಿಗೆ. ಅದರ ಒಂದೊಂದು ವಚನವೂ ಉಸಿರು ಬಿಡುವುದರೊಳಗೆ ಮುಗಿದು, ಮನಸ್ಸಿನಲ್ಲಿ ಮಾತ್ರ ಮುಗಿಯದೆ ಉಳಿಯುತ್ತಿತ್ತು. ಆಮೇಲೆ ಒಂದು ಶತಕ. ಆಮೇಲೆ ಅತ್ತೆಯವರು ಬೀಸುವಾಗ ಗುನುಗುತ್ತಿದ್ದಂಥ ತತ್ವಪದಗಳು. ಅಚ್ಚಿನಲ್ಲಿ ಅವನ್ನು ಕಂಡಾಗ, ನಮ್ಮ ಅಡುಗೆಮನೆಯನ್ನೇ ಯಾರೋ ಅಚ್ಚು ಹಾಕಿದಂತೆ ಕಂಡು ನಗು ಬಂತು.

ನಾಲ್ಕನೆಯದು ಕೆಂಪು ರಟ್ಟಿನ ಕಥೆ. ಹಳೆಯದು, ಪದ್ಯದಲ್ಲಿತ್ತು. ಮೊದಲಿಗೆ ಸ್ತುತಿ, ಅದರ ಹಿಂದೆಯೇ ತವರಿಗೆ ಹೊರಟ ಒಬ್ಬ ಬಸುರಿ. ಎರಡು ಪುಟ ಓದುವಷ್ಟರಲ್ಲಿ ಅವಳನ್ನು ಬಿಟ್ಟು ಏಳಲು ನನಗೆ ಆಗಲಿಲ್ಲ. ಪುಸ್ತಕ ತೆಳುವಾಗಿತ್ತು, ಸಂಜೆಯೊಳಗೆ ಖಂಡಿತ ಮುಗಿಯುತ್ತಿತ್ತು. ಕೊನೆಯ ಪುಟ ನೋಡಿದರೆ ಕಥೆಯ ರುಚಿ ಕೆಟ್ಟೀತೆಂದು ನೋಡಲಿಲ್ಲ. ಪಕ್ಕದಲ್ಲಿ ಅಂಥದೇ ಕೆಂಪು ರಟ್ಟಿನ ಇನ್ನೊಂದು ಪುಸ್ತಕವಿತ್ತು. ತೆರೆದು ನೋಡಿದೆ, ಸ್ತುತಿ ಇರಲಿಲ್ಲ. ಸ್ತುತಿ ಇಲ್ಲದ್ದನ್ನು ಹಚ್ಚುವ ಹಾಗಿಲ್ಲವೆಂದು ಕೆಳಗಿಟ್ಟೆ.

"ಇಲ್ಲಿಂದ ಔರಾದಕ್ಕ ಹೋಗ್ತೇನ್ರಿ, ಶ್ರಾವಣ ಮುಗಿಯೋ ತನಕ ಅಲ್ಲೇ," ಎಂದು ಪುಸ್ತಕದವನು ನಾವು ಏಳುವಾಗ ಹೇಳಿದ.

ಶ್ರಾವಣದ ಮೊದಲ ವಾರಗಳು ಹಬ್ಬದಂತೆ ಕಳೆದವು. ವಚನ ಮುಗಿಯಿತು, ಶತಕ ಮುಗಿಯಿತು, ತತ್ವಪದಕ್ಕೆ ಓಣಿಯ ಹೆಂಗಸರೆಲ್ಲ ದನಿಗೂಡಿಸಿದರು. ಅತ್ತೆಯವರು ದಾರಿಯಲ್ಲಿ ಹೋಗುವವರನ್ನೂ ಕರೆದು ಮಾಡ ತೋರಿಸುತ್ತಿದ್ದರು. ಆಗ ನನ್ನ ನಾದಿನಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು, ದಿನ ತುಂಬಿದ್ದವು. ಗೋಡೆಗೆ ಒರಗಿ ಕಾಲು ಚಾಚಿ ಎಲ್ಲರಿಗಿಂತ ಮುಂದೆ ಕೂಡುವವಳು ಅವಳೇ.

ಕೆಂಪು ರಟ್ಟಿನ ಕಥೆ ಹಚ್ಚಿದ ಮಧ್ಯಾಹ್ನ ಪಡಸಾಲೆಯಲ್ಲಿ ಜಾಗವಿರಲಿಲ್ಲ. ಬಸುರಿ ಹೊಳೆಯ ದಂಡೆಗೆ ಬಂದಳು. ದೋಣಿ ಹತ್ತಿದಳು. ಹೊಳೆ ಏರಿತು, ನಡುನೀರಿನಲ್ಲಿ ಅಂಬಿಗನ ಹುಟ್ಟು ಮುರಿಯಿತು, ದೋಣಿ ಸುತ್ತತೊಡಗಿತು. ಅಲ್ಲಿಗೆ ಪುಟ ಮುಗಿಯಿತು.

"ವೈನಿ, ಹಾಳಿ ತಿರುವು!" ಎಂದಳು ನಾದಿನಿ.

ತಿರುವಲು ಹಾಳೆ ಇರಲಿಲ್ಲ. ಮುಂದೆ ಇದ್ದದ್ದು ಬರಿ ರಟ್ಟು. ಹಾಳೆ ಹರಿದಿರಲೂ ಇಲ್ಲ. ಹೊಲಿಗೆ ಗಟ್ಟಿಯಾಗಿಯೇ ಇತ್ತು. ದೊಡ್ಡ ಪುಸ್ತಕವೊಂದನ್ನು ಯಾರೋ ಎರಡು ಮಾಡಿ ಬೇರೆ ಬೇರೆ ಹೊಲಿದಿದ್ದರು. ನಾನು ಅಳತೆ ಮಾಡಿ ಆರಿಸಿ ತಂದ ಕಿರುಪುಸ್ತಕ ಅರ್ಧ ಪುಸ್ತಕವಾಗಿತ್ತು.

"ಅಯ್ಯ ನಿನ್ನ! ಬಸುರಿ ಹೆಂಗಸಿಗಿ ನಡು ಹೊಳ್ಯಾಗ ಬಿಟ್ಟು ಹೋದನಲ್ಲ ಬರದಾಂವ!" ಎಂದು ಪಕ್ಕದ ಮನೆಯಾಕೆ ಕೂಗಿದಳು. ಕೆಲವರು ನಕ್ಕರು. ನಾದಿನಿ ನಗಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಆಕಿ ದಂಡಿ ಮುಟ್ಟೋ ತನಕ ನಾ ಹಡಿಯೋ ಕ್ವಾಣಿ ಹೊಕ್ಕು ಮಲಗಂಗಿಲ್ಲವ್ವ," ಎಂದಳು.

ಅತ್ತೆಯವರು ಮಾಡವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅವರು ಎದ್ದುಹೋಗಿ ಗಿಂಡಿಯನ್ನು ತಂದರು. ಇನ್ನೇನು ಮಾಡದಲ್ಲಿ ಇಟ್ಟೇಬಿಟ್ಟರು ಎಂದುಕೊಂಡೆ. ಆದರೆ ಬಗ್ಗಿ ದೀಪಕ್ಕೆ ಎಣ್ಣೆ ಹಾಕಿದರು.

"ದೀಪ ಆರೋ ತನಕ ಅರ್ಧ ಅನ್ನಂಗಿಲ್ಲ. ಶ್ರಾವಣ ಇರೋ ತನಕ ಎಣ್ಣಿ ಹಾಕ್ತೇನಿ. ಆಮ್ಯಾಗ ನನಗ ಕೇಳಬ್ಯಾಡ."

ಸ್ತುತಿ ಇಲ್ಲದ ಆ ಇನ್ನೊಂದು ಕೆಂಪು ರಟ್ಟು ಆಗ ಕಣ್ಣ ಮುಂದೆ ಬಂತು. ಮಾವನವರಿಗೆ ಹೇಳಿದೆ. ಬೆಳಗಾಗುತ್ತಲೇ ಅವರು ಗಾಡಿ ಹೂಡಿದರು.

ಔರಾದಕ್ಕೆ ಮಾಂಜ್ರಾ ಹೊಳೆ ದಾಟಿ ಹೋಗಬೇಕು. ಮಳೆ ಹಿಡಿದಿತ್ತು, ನೀರು ಕೆಂಪಗೆ ಏರಿತ್ತು. ಗಾಡಿಯನ್ನು ಈ ದಂಡೆಯಲ್ಲೇ ಬಿಟ್ಟು ದೋಣಿ ಹತ್ತಿದೆವು. ಕಂಬಳಿಯಲ್ಲಿ ಸುತ್ತಿದ ಅರ್ಧ ಪುಸ್ತಕ ನನ್ನ ತೊಡೆಯ ಮೇಲಿತ್ತು. ನಡುನೀರಿನಲ್ಲಿ ದೋಣಿ ಒಮ್ಮೆ ಪಕ್ಕಕ್ಕೆ ವಾಲಿದಾಗ ನಾನು ಅಂಬಿಗನ ಮುಖ ನೋಡಲಿಲ್ಲ, ಅವನ ಹುಟ್ಟನ್ನೇ ನೋಡುತ್ತಿದ್ದೆ.

ಔರಾದದಲ್ಲಿ ನನ್ನ ತವರಿಗೂ ಹೋಗದೆ ನೇರ ಬಜಾರಿಗೆ ನಡೆದೆವು. ಪುಸ್ತಕದವನು ಅಲ್ಲೇ ಸಿಕ್ಕ. ಅವನೂ ಬೇರೆಯವರಿಂದ ಕಟ್ಟುಗಟ್ಟಲೆ ಕೊಂಡು ತಂದವನು. ಅದು ಅರ್ಧವೆಂಬುದು ಅವನಿಗೂ ಗೊತ್ತಿರಲಿಲ್ಲ. ಇನ್ನೊಂದು ಕೆಂಪು ರಟ್ಟನ್ನು ಬಜಾರಿನ ಹಿಂದಿನ ಓಣಿಯ ಒಬ್ಬ ಮುದುಕಿಗೆ ಮಾರಿದ್ದ. ನಾವು ಹೋದಾಗ ಆಕೆ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದಳು. ವಿಷಯ ಹೇಳಿದ ಕೂಡಲೇ ಮೊರ ಕೆಳಗಿಟ್ಟು ಜಂತಿಯ ಕಡೆ ಕೈ ತೋರಿಸಿದಳು. ಬಟ್ಟೆಯಲ್ಲಿ ಸುತ್ತಿ ಮೇಲೆ ಕಟ್ಟಿದ್ದಳು.

"ಅದಕ ತಲಿನೇ ಇಲ್ಲವ್ವ. ಸ್ತುತಿ ಇಲ್ಲದ್ದು ಹ್ಯಾಂಗ ಹಚ್ಚೋದು? ಮೊಮ್ಮಗನಿಗಿ ಒಂದು ಸಾಲೂ ಓದಗೊಟ್ಟಿಲ್ಲ ನಾ."

"ನಮ್ಮದಕ್ಕ ಕಾಲಿಲ್ಲರಿ ಆಯಿ," ಎಂದೆ.

ಆಕೆ ಬಾಯಿ ತುಂಬ ನಕ್ಕಳು. ಮಾವನವರು ಅದನ್ನು ಕೊಂಡುಕೊಳ್ಳುತ್ತೇವೆ ಎಂದಾಗ ಮಾತ್ರ ನಗು ನಿಂತಿತು.

"ಮೊದಲಿಂದ ನಾ ಕೇಳದೇ ಕಡೀದು ಕೊಡಂಗಿಲ್ಲ."

"ಹಂಗಾದ್ರ ನೀವೇ ಬರ್ರಿ ನಮ್ಮ ಸಂಗಟ," ಎಂದರು ಮಾವ.

"ಈ ವಯಸ್ಸಿನಾಗ ಹೊಳಿ ದಾಟಲ್ಯಾ? ನಿಮಗ ಬುದ್ಧಿ ಅದನ?" ಎನ್ನುತ್ತಲೇ ಆಕೆ ಒಳಗೆ ಹೋಗಿ ಸೀರೆ ಗಂಟು ಕಟ್ಟುತ್ತಿದ್ದಳು.

ಭಾಲ್ಕಿ ಮುಟ್ಟಿದಾಗ ದೀಪ ಉರಿಯುತ್ತಿತ್ತು. ಆಯಿಯ ಮಾತಿನಂತೆ ಮರುದಿನ ಬೆಳಿಗ್ಗೆಯೇ ಮತ್ತೆ ಸ್ತುತಿಯಿಂದ ಹಚ್ಚಿದೆ. ದೋಣಿ ನಡುನೀರಿಗೆ ಬರುವ ಹೊತ್ತಿಗೆ ನಾದಿನಿಗೆ ನೋವು ಕಾಣಿಸಿಕೊಂಡಿತು. ಸೂಲಗಿತ್ತಿ ಬಂದಳು. ಕೈಹಿಡಿದು ಎಬ್ಬಿಸಿದರೂ ನಾದಿನಿ ಜಗ್ಗಲಿಲ್ಲ. "ವೈನಿ, ನೀ ಬಾಗಲದಾಗ ಕೂತು ಓದು, ಅಂದ್ರ ಏಳ್ತೇನಿ!" ಎಂದಳು. ಲಿಂಗವಂತರಾದ ನಮ್ಮಲ್ಲಿ ಹೆರಿಗೆಯ ಸೂತಕದ ತಡೆಯಿಲ್ಲ. ಅತ್ತೆಯವರೇ ದೀಪವನ್ನು ಎತ್ತಿ ತಂದು ಕೋಣೆಯ ಹೊಸ್ತಿಲ ಬಳಿ ಇಟ್ಟರು. ನಾನು ಎರಡನೆಯ ಕೆಂಪು ರಟ್ಟು ತೆರೆದೆ. ಅಂಬಿಗ ನೀರಿಗೆ ಹಾರಿದ. ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಈಜಿದ.

"ಮುಟ್ಟಿತಾ?" ಒಳಗಿನಿಂದ ನಾದಿನಿಯ ದನಿ.

"ಇನ್ನಾ ಇಲ್ಲ!"

"ಜಲ್ದಿ ಓದ ವೈನಿ!"

"ಮುಟ್ಟಿತು! ದಂಡಿಗಿ ಮುಟ್ಟಿತು!"

ಪಡಸಾಲೆಯ ಹೆಂಗಸರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಬಸುರಿ ತವರು ಸೇರುವ ತನಕ ಉಳಿದದ್ದನ್ನೂ ಓದಿ ಮುಗಿಸಿದೆ. ಔರಾದದ ಆಯಿ ಎದ್ದು ನಿಂತು ಮಂಗಲ ಹಾಡಿದಳು. ಹೊರಗೆ ರೊಟ್ಟಿ ಬಡಿಯುವ ಹೊತ್ತಾಗಿತ್ತು. ಕೂಸು ಹುಟ್ಟಿದ್ದು ಮಾತ್ರ ಮರುದಿನ ಬೆಳಿಗ್ಗೆ. ಅದಕ್ಕೆ ನಮ್ಮ ಅವಸರವೇನೂ ಇರಲಿಲ್ಲ. ತಾಯಿ, ಮಗಳು ಚೆನ್ನಾಗಿದ್ದರು.

ಎರಡು ಅರ್ಧಗಳನ್ನು ದಬ್ಬಣ ಹಿಡಿದು ಮಾವನವರೇ ಒಟ್ಟಿಗೆ ಹೊಲಿದರು, ಜೋಳದ ಚೀಲ ಹೊಲಿಯುವ ದಾರದಿಂದ. ಯಾರ ಮನೆಯಲ್ಲಿ ಇರಬೇಕೆಂದು ಅತ್ತೆಯವರೂ ಆಯಿಯೂ ಜೋರಾಗಿಯೇ ವಾದಿಸಿ, ಒಂದು ವರ್ಷ ಭಾಲ್ಕಿ, ಒಂದು ವರ್ಷ ಔರಾದ ಎಂದು ಒಪ್ಪಿಕೊಂಡರು. ಆಮೇಲಿನ ವರ್ಷಗಳಲ್ಲಿ ಬೀದರಕ್ಕೆ ಹೋದಾಗಲೆಲ್ಲ ಅತ್ತೆಯವರೂ ಗಾಡಿ ಹತ್ತುತ್ತಿದ್ದರು. ನಾನು ಆರಿಸಿದ ಪ್ರತಿ ಪುಸ್ತಕದ ಕೊನೆಯ ಪುಟವನ್ನು ಓದಿಸಿ, ಮಂಗಲ ಕೇಳಿದ ಮೇಲೆಯೇ ಹೂಂ ಎನ್ನುತ್ತಿದ್ದರು.

ಆ ಪುಸ್ತಕ ಔರಾದದಲ್ಲಿರುವ ವರ್ಷ ಮಾಡದಲ್ಲಿ ಅದರ ಜಾಗ ಖಾಲಿ ಇರುತ್ತಿತ್ತು. ಗಿಂಡಿ ಹಿಡಿಸುವಷ್ಟೇ ಜಾಗ. ಅತ್ತೆಯವರು ಗಿಂಡಿಯನ್ನು ಅಲ್ಲಿ ಇಡಲಿಲ್ಲ.