ಬಾದಾಮಿ ಬಂಗಲೆಯ ನಾತಾಳದ ಪಾನಕ

ಇಳಕಲ್ಲಿನಿಂದ ನಾನು ಬಾದಾಮಿಗೆ ಬಂದದ್ದು ಒಬ್ಬ ಇಂಗ್ಲಿಷ್ ಹೆಂಗಸಿಗೆ ಕನ್ನಡ ಮಾತು ಕಲಿಸಲಿಕ್ಕೆ. ಹೀಗೆಂದರೆ ನಾನೇನೋ ದೊಡ್ಡ ವಿದ್ಯಾವಂತೆ ಅನ್ನಿಸೀತು. ಹೆಣ್ಣುಮಕ್ಕಳ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದಿದ್ದೆ, ಅಷ್ಟೆ. ಗಂಡ ಮಗ್ಗ ಬಿಟ್ಟು ಮುಂಬಯಿಯ ಗಿರಣಿಗೆ ಹೋದವನು ಒಮ್ಮೆ ಬಂದು ಹೋದ, ಆಮೇಲೆ ಬರಲಿಲ್ಲ. ಅಣ್ಣನ ಮನೆಯಲ್ಲಿದ್ದೆ. ಅತ್ತಿಗೆ ಕೆಟ್ಟವಳಲ್ಲ. ಆದರೆ ಅಣ್ಣನೊಂದಿಗೆ ನಗುತ್ತ ಮಾತಾಡುತ್ತಿದ್ದವಳು ನಾನು ಒಳಗೆ ಬಂದ ಕೂಡಲೆ ಸುಮ್ಮನಾಗುತ್ತಿದ್ದಳು. ರಸ್ತೆ ಕಟ್ಟಿಸುವ ಇಂಜಿನಿಯರ ಸಾಹೇಬರ ಹೆಂಡತಿಗೆ ಜೊತೆಗಿರಲು ಓದುಬರಹ ಬಲ್ಲ ಹೆಂಗಸೊಬ್ಬಳು ಬೇಕಾಗಿದ್ದಾಳೆಂದು ಸಾಲೆಯ ಮಾಸ್ತರರು ತಿಳಿಸಿದಾಗ, ಬೇಡ ಎಂದು ನನ್ನನ್ನು ತಡೆದವರು ಯಾರೂ ಇರಲಿಲ್ಲ.

ಬಾಯಿಸಾಹೇಬರಿಗೆ ಸುಮಾರು ನನ್ನಷ್ಟೇ ವಯಸ್ಸು. ಬಿಳಿಚಿಕೊಂಡ ಸಣ್ಣ ಮುಖ, ಬಿಸಿಲಿಗೆ ಮೂಗಿನ ತುದಿಯ ಚರ್ಮ ಸುಲಿಯುತ್ತಿತ್ತು. ಸಾಹೇಬರು ಕೆಲಸದ ಮೇಲೆ ಊರೂರು ತಿರುಗುತ್ತಿದ್ದರು. ಬಂದರೂ ಒಂದೆರಡು ದಿನ ಇದ್ದು ಹೋಗುತ್ತಿದ್ದರು. ಬಂಗಲೆಯಲ್ಲಿ ನಾವಿಬ್ಬರು, ಒಬ್ಬ ಅಡಿಗೆಯವ, ಒಬ್ಬ ಪಟ್ಟೇವಾಲ. ಮಾಡಿನ ಮೇಲೆ ಇಡೀ ದಿನ ಮಂಗಗಳ ಓಡಾಟ. ನಾನು ಆಡುವ ಮಾತನ್ನೇ ಅವರು ಕಲಿತರು. ಹೀಗಾಗಿ ಇಂಗ್ಲೆಂಡಿನ ಆ ಹೆಂಗಸು ಇಳಕಲ್ಲಿನ ಮಗ್ಗದ ಓಣಿಯವಳ ಹಾಗೆ "ಬರ್ರಿ, ಕುಂಡ್ರರಿ, ಉಂಡು ಹೋಗ್ರಿ" ಅನ್ನುತ್ತಿದ್ದರು.

ಚಳಿಗಾಲ ಬಂತು. ನಾತಾಳಕ್ಕೆ, ಎಂದರೆ ಅವರ ಕ್ರಿಸ್ತನ ಹುಟ್ಟುಹಬ್ಬಕ್ಕೆ, ಸಾಹೇಬರು ವಿಜಾಪುರದಿಂದ ಎರಡು ಇಂಗ್ಲಿಷ್ ಕುಟುಂಬಗಳನ್ನು ಕರೆದುಕೊಂಡು ಬರುವವರಿದ್ದರು. ಬಾಯಿಸಾಹೇಬರಿಗೆ ಸಂಭ್ರಮವೋ ಸಂಭ್ರಮ. ಮುಂಬಯಿಯಿಂದ ಹುಲ್ಲಿನಲ್ಲಿ ಸುತ್ತಿದ ಶಾಂಪೇನಿನ ಬಾಟಲಿಗಳು ಬಂದವು. ಹಬ್ಬದ ದಿನ ತಮ್ಮ ತಾಯಿ ಅದರಲ್ಲಿ ಒಂದು ಪಾನಕ ಮಾಡುತ್ತಿದ್ದರಂತೆ. ಮನೆಗೆ ಬಂದವರು ಕೋಟು ಬಿಚ್ಚುವ ಮೊದಲೇ ಅವರ ಕೈಗೆ ಗ್ಲಾಸು ಬರುತ್ತಿತ್ತಂತೆ.

"ನೀ ನನಗ ಕೈ ಹಚ್ಚಬೇಕು," ಎಂದರು.

ನಾನು ಕೊರಳಿನ ಲಿಂಗದ ವಸ್ತ್ರವನ್ನು ಹಿಡಿದುಕೊಂಡು, "ಲಿಂಬಿಹಣ್ಣ ಹೆಚ್ಚತೇನ್ರಿ, ಸಕ್ಕರಿ ಒಡೀತೇನಿ. ಸೆರಿ ಮಾತ್ರ ಮುಟ್ಟಂಗಿಲ್ರಿ," ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ. "ನೀ ಮುಟ್ಟಬ್ಯಾಡ. ಬಾಟಲಿ ನಾ ಹಿಡೀತೇನಿ," ಎಂದರು.

ಹಬ್ಬದ ಹಿಂದಿನ ದಿನ ತಂತಿ ಬಂತು. ವಿಜಾಪುರದಲ್ಲಿ ಪ್ಲೇಗು, ಹೊರಗೆ ಬಿಡುತ್ತಿಲ್ಲ, ಯಾರೂ ಬರಲಾಗುವುದಿಲ್ಲ ಎಂದು ಸಾಹೇಬರು ತಿಳಿಸಿದ್ದರು. ಬಾಯಿಸಾಹೇಬರು ಅದನ್ನು ಓದಿ, ಹೊರಗಿನ ಪಡಸಾಲೆಯಲ್ಲಿ ಬಹಳ ಹೊತ್ತು ನಿಂತಿದ್ದರು. ಆಮೇಲೆ ಪಟ್ಟೇವಾಲನನ್ನು ಕರೆದರು. ಊರಿನ ಮಾಮಲೇದಾರರು, ದವಾಖಾನೆಯ ಡಾಕ್ಟರರು, ಬಂಗಲೆಗೆ ಬಟ್ಟೆಬರೆ ತಂದುಕೊಡುತ್ತಿದ್ದ ಮುಸಲ್ಮಾನ ವ್ಯಾಪಾರಿ, ಈ ಮೂವರಿಗೂ ನಾಳೆ ಸಂಜೆ ಬರಲು ಹೇಳಿ ಬಾ ಎಂದು ಕಳಿಸಿದರು.

"ಅವರು ಇದನ್ನ ಕುಡೀತಾರೋ ಇಲ್ಲೋರಿ," ಎಂದೆ ನಾನು.

"ಬರ್ತಾರಲ್ಲ. ಮಂದಿ ಬಂದ್ರ ಸಾಕು."

ಮರುದಿನ ಬೆಳಗ್ಗೆಯೇ ಬಾಟಲಿಗಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ, ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟೆವು. ಬರ್ಫವೆಂಬುದನ್ನು ನಾನು ಆಗಿನ್ನೂ ಕಂಡಿರಲಿಲ್ಲ. ಮಧ್ಯಾಹ್ನ ಕುಳಿತು ಸಕ್ಕರೆಯ ಗಡ್ಡೆಯನ್ನು ಅಡಿಕೆಯಷ್ಟು ಅಡಿಕೆಯಷ್ಟು ಚೂರು ಮಾಡಿದೆ. ಲಿಂಬೆಯ ಸಿಪ್ಪೆಯನ್ನು ಬಿಳಿ ತಿರುಳು ಬಾರದ ಹಾಗೆ ತೆಳ್ಳಗೆ ಎಳೆ ತೆಗೆಯಬೇಕು. ಮೊದಲ ಹಣ್ಣು ಕೆಟ್ಟಿತು, ಆಮೇಲೆ ಕೈಗೆ ಹತ್ತಿತು. ಬಾಯಿಸಾಹೇಬರು, ವಿಜಾಪುರದವರಿಗೆಂದು ತೆಗೆದಿಟ್ಟಿದ್ದ ಗ್ಲಾಸುಗಳನ್ನೂ ಬಿಡದೆ, ಒಂದೊಂದು ಗ್ಲಾಸಿಗೆ ಒಂದೊಂದು ಸಕ್ಕರೆ ಚೂರು ಹಾಕಿ, ಅದರ ಮೇಲೆ ಒಂದು ಪುಟ್ಟ ಶೀಶೆಯಿಂದ ಕೆಂಪು ಕಹಿ ಔಷಧದಂಥದ್ದನ್ನು ಎರಡು ಹನಿ ಬಿಟ್ಟರು. ಸಕ್ಕರೆ ಕೆಂಪಗಾಗಿ ಕುಸಿಯಿತು. ಒಂದು ಚಮಚೆ ಬ್ರಾಂಡಿ. ಶಾಂಪೇನು ಮಾತ್ರ ಮಂದಿ ಬಂದ ಮೇಲೆ. ತೆರೆದಿಟ್ಟರೆ ಅದರ ಜೀವ ಹೋಗುತ್ತದೆ ಎಂದರು. ತಟ್ಟೆಯಲ್ಲಿ ದಾಳಿಂಬೆ ಕಾಳು ಬಿಡಿಸಿಟ್ಟಿದ್ದೆ. ಅದನ್ನು ಕಂಡು, "ಇದನ್ನೂ ಹಾಕೂಣು, ಚೆಂದ ಕಾಣಸ್ತದ," ಎಂದರು.

ಇಳಿಬಿಸಿಲಿನ ಹೊತ್ತಿಗೆ ಮೂವರೂ ಬಂದರು. ಮಾಮಲೇದಾರರು ವಯಸ್ಸಾದ ಬ್ರಾಹ್ಮಣರು, ಹಣೆ ಕೆನ್ನೆಗಳಲ್ಲಿ ಮುದ್ರೆ, ತಲೆಗೆ ಜರಿಯ ರುಮಾಲು. ಬಂಗಲೆಗೆ ಕೆಲಸದ ಮೇಲೆ ಬಂದಾಗ ಅವರು ಅಲ್ಲಿಯ ನೀರನ್ನೂ ಮುಟ್ಟುತ್ತಿರಲಿಲ್ಲ. ಡಾಕ್ಟರರು ಪುಣೆಯಲ್ಲಿ ಓದಿ ಬಂದ ತರುಣರು, ಬೂಟು ಕೋಟು ಹಾಕಿದ್ದರು.

"ಬರ್ರಿ, ಕುಂಡ್ರರಿ," ಎಂದರು ಬಾಯಿಸಾಹೇಬರು. ಮಾಮಲೇದಾರರು ಬೆಚ್ಚಿ ನನ್ನ ಕಡೆ ನೋಡಿ, ಕುರ್ಚಿಯ ತುದಿಯಲ್ಲಿ ಕುಳಿತರು.

ಬಾಟಲಿಯ ಬಿರಡೆ ಹಾರಿ ಮಾಡಿನ ಜಂತಿಗೆ ಬಡಿಯಿತು. ಆ ಸಪ್ಪಳಕ್ಕೆ ಮೇಲಿದ್ದ ಮಂಗಗಳೆಲ್ಲ ಹೆಂಚು ತುಳಿದುಕೊಂಡು ಓಡಿದವು, ಎಲ್ಲರೂ ನಕ್ಕರು. ಗ್ಲಾಸಿನಲ್ಲಿ ಸಕ್ಕರೆಯ ಮೈಯಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎಳೆ ಎಳೆಯಾಗಿ ಮೇಲೇಳುತ್ತಿದ್ದವು. ದಾಳಿಂಬೆಯ ಕಾಳು ಒಂದೊಂದೇ ಮೇಲೆ ಬಂದು, ತಿರುಗಿ, ಮತ್ತೆ ತಳಕ್ಕೆ ಇಳಿಯುತ್ತಿತ್ತು. ಅಷ್ಟು ಚೆಂದದ ಪದಾರ್ಥವನ್ನು ನಾನು ಕಂಡಿರಲಿಲ್ಲ. ಅದನ್ನು ಬಾಯಿಸಾಹೇಬರೇ ಕೈಯಾರೆ ಒಬ್ಬೊಬ್ಬರಿಗೂ ಕೊಟ್ಟರು.

ವ್ಯಾಪಾರಿ ಗ್ಲಾಸು ತೆಗೆದುಕೊಂಡು ಮೆಲ್ಲಗೆ ಮೇಜಿನ ಮೇಲಿಟ್ಟರು. "ತಪ್ಪು ತಿಳ್ಕೋಬ್ಯಾಡ್ರಿ ಬಾಯಿಸಾಹೇಬ್ರ. ಇದು ನಮ್ಮೊಳಗ ನಡಿಯಾಂಗಿಲ್ರಿ. ನೀವು ಹಬ್ಬಕ್ಕ ಕರದೀರಿ, ಅದಕ್ಕ ಬಂದೇನಿ."

"ನೀವು ಬಂದ್ರಲ್ಲ, ಭಾಳ ಸಂತೋಷ," ಎಂದರು ಅವರು. ಸಕ್ಕರೆ, ಲಿಂಬೆರಸ, ದಾಳಿಂಬೆ ಹಾಕಿದ ತಣ್ಣೀರನ್ನು ನಾನು ತಂದುಕೊಟ್ಟೆ. ಡಾಕ್ಟರರು ತಮ್ಮ ಗ್ಲಾಸನ್ನು ಆಗಲೇ ಮುಗಿಸಿ ಎರಡನೆಯದನ್ನು ಹಿಡಿದಿದ್ದರು. ಮಾಮಲೇದಾರರು ಮಾತ್ರ ಗ್ಲಾಸನ್ನು ಮೈಯಿಂದ ದೂರ, ಕೆಂಡ ಹಿಡಿದವರ ಹಾಗೆ ಹಿಡಿದುಕೊಂಡೇ ಇದ್ದರು. ಬೇಡವೆನ್ನಲು ಅವರಿಗೆ ನಾಲಿಗೆ ಏಳುತ್ತಿರಲಿಲ್ಲ.

ವ್ಯಾಪಾರಿ ಕೇಳಿದರು: "ಸಾಹೇಬ್ರು ಎಲ್ಲೂ ಕಾಣವಲ್ರಲ್ರಿ?"

"ವಿಜಾಪುರದಾಗ ಇದ್ದಾರ. ಪ್ಲೇಗ್ ಅದ, ಬಿಡವಲ್ರು."

ಡಾಕ್ಟರರು ನಗುತ್ತಲೇ ತಲೆಯಾಡಿಸಿದರು. "ಯಾರು ಹೇಳಿದ್ರಿ ನಿಮಗ? ಮೊನ್ನಿನ ನಾ ವಿಜಾಪುರದಿಂದ ಬಂದೇನಿ. ಪ್ಲೇಗ್ ಹೋಗಿ ತಿಂಗಳಾತು. ಸಾಹೇಬ್ರೂ ಕಂಡಿದ್ರಲ್ಲ, ಕ್ಲಬ್ಬಿನ ಮುಂದ. ಎಲ್ಲಾ ಸಾಹೇಬ್ರು, ಮೇಡಮ್ಮಗೋಳು ಕೂಡಿ ಹಬ್ಬದ ತಯಾರಿ..."

ಅಲ್ಲಿಗೆ ಅವರ ಮಾತು ನಿಂತಿತು. ತಾವು ಏನು ಆಡಿದೆವೆಂದು ಅವರಿಗೆ ಹೊಳೆದದ್ದು ಆಗಲೇ. ಮುಖ ಕಪ್ಪಿಟ್ಟಿತು. ವ್ಯಾಪಾರಿ ನೆಲ ನೋಡತೊಡಗಿದರು. ಬಾಯಿಸಾಹೇಬರು ಕೈಯಲ್ಲಿ ಬಾಟಲಿ ಹಿಡಿದು ನಿಂತೇ ಇದ್ದರು; ಅವರ ಮುಖದಲ್ಲಿ ಹಿಂದಿನ ಮಾತಿನ ನಗು ಇನ್ನೂ ಹಾಗೆಯೇ ಉಳಿದಿತ್ತು, ತೆಗೆಯಲು ಮರೆತವರ ಹಾಗೆ.

ಆಗ ಮಾಮಲೇದಾರರು ಎದ್ದು ನಿಂತರು. ಹೊರಟೇಬಿಟ್ಟರು ಎಂದುಕೊಂಡೆ. ಅವರು ಗ್ಲಾಸನ್ನು ಎತ್ತಿ, ಕಣ್ಣು ಮುಚ್ಚಿ, ಕಷಾಯ ಕುಡಿದಂತೆ ಒಂದೇ ಸಲಕ್ಕೆ ಪೂರಾ ಕುಡಿದರು. ಮೂಗಿಗೆ ಹತ್ತಿ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಉತ್ತರೀಯದಿಂದ ಬಾಯಿ ಒರೆಸಿಕೊಂಡು, "ಭಾಳ ಚಲೋ ಆಗೇದವ್ವಾ. ನಿಮ್ಮ ಹಬ್ಬ ನಮಗೂ ಹಬ್ಬನ," ಎಂದರು.

ಅಧಿಕಾರದ ಮನುಷ್ಯ, ಇಂಗ್ಲಿಷ್ ಹೆಂಗಸಿಗೆ ಮನೆಮಗಳನ್ನು ಕರೆದಂತೆ 'ಅವ್ವಾ' ಎಂದುಬಿಟ್ಟಿದ್ದರು. ಬಾಯಿಸಾಹೇಬರು ಅವರತ್ತ ತಿರುಗಿ ಕೈ ಮುಗಿದರು. ಕೈ ಮುಗಿಯುವುದನ್ನು ನಾನು ಕಲಿಸಿರಲಿಲ್ಲ. ಆಮೇಲೆ ಹತ್ತಿಯ ಧಾರಣೆ, ಹುನಗುಂದದ ರಸ್ತೆ ಎಂದು ಏನೇನೋ ಮಾತಾಡಿ, ಕತ್ತಲಾಗುವ ಮೊದಲೇ ಮೂವರೂ ಎದ್ದು ಹೋದರು. ಮೆಟ್ಟಿಲಿಳಿಯುವಾಗ ವ್ಯಾಪಾರಿ ಮಾಮಲೇದಾರರ ಮೊಳಕೈ ಹಿಡಿದಿದ್ದರು.

ವಿಜಾಪುರದವರಿಗೆಂದು ಸಾಲಾಗಿ ಇಟ್ಟ ಗ್ಲಾಸುಗಳು ಹಾಗೆಯೇ ಇದ್ದವು; ತಳದಲ್ಲಿ ಕರಗಿದ ಕೆಂಪು ಸಕ್ಕರೆ. ನಾನು ತೊಳೆಯಲು ಎತ್ತಿಕೊಳ್ಳಹೋದೆ.

"ಇರಲಿ ಬಿಡು. ಕುಂಡ್ರು," ಎಂದರು. ಅವರ ಎದುರು ನಾನೆಂದೂ ಕುರ್ಚಿಯಲ್ಲಿ ಕುಳಿತಿರಲಿಲ್ಲ. ಕುಳಿತೆ.

ಅವರು ಒಂದು ಗ್ಲಾಸಿಗೆ ಶಾಂಪೇನು ಸುರಿದುಕೊಂಡರು. ಒಂದೇ ಗುಟುಕು ಕುಡಿದು ಕೆಳಗಿಟ್ಟರು. "ನಮ್ಮ ಅವ್ವ ಮಾಡಿದ್ರ ಇದು ಇಷ್ಟು ಕಹಿ ಆಗ್ತಿರಲಿಲ್ಲ," ಎಂದರು. ಆ ಗ್ಲಾಸನ್ನು ದೂರ ಸರಿಸಿ, "ಪ್ಲೇಗ್ ಇಲ್ಲ ಅಂತ ನನಗ ನಿನ್ನೆನ ಅನಿಸಿತ್ತು. ಆದ್ರೂ ಮಂದಿನ್ನ ಕರದೆ," ಎಂದರು.

ಸಾಹೇಬರು ಬರುತ್ತಾರೆ, ಚಿಂತೆ ಮಾಡಬೇಡಿ ಎನ್ನಬಹುದಿತ್ತು. ನನಗೆ ಊರವರು ಹಾಗೆಯೇ ಹೇಳುತ್ತಿದ್ದರು. ಅದರ ಬದಲು ಬಾಯಿಂದ ಬೇರೆಯೇ ಮಾತು ಬಂತು. "ನನ್ನ ಗಂಡನೂ ಬರಾಂಗಿಲ್ರಿ. ಮುಂಬಯಿದಾಗ ಮತ್ತೊಂದು ಮನಿ ಮಾಡ್ಯಾನ."

ನಾನು ಅದನ್ನು ಯಾರಿಗೂ ಹೇಳಿರಲಿಲ್ಲ, ಅಣ್ಣನಿಗೂ ಇಲ್ಲ. ಹೇಳಿದ ಮೇಲೆ ಹಗುರವಾಯಿತೆಂದು ಬರೆಯಲಾರೆ. ಅವರು ನನ್ನ ಕೈ ಹಿಡಿಯಲಿಲ್ಲ, ನಾನೂ ಅಳಲಿಲ್ಲ. ಒಂದೇ ಕೋಣೆಯಲ್ಲಿ ಕುಳಿತೆವು. ಅವರ ಸಂಕಟ ಅವರ ಹತ್ತಿರ, ನನ್ನದು ನನ್ನ ಹತ್ತಿರ. ಆದರೂ ದೀಪ ಹಚ್ಚಲು ಅಡಿಗೆಯವ ಬರುವತನಕ ಎದ್ದು ಹೋಗಲು ಇಬ್ಬರಿಗೂ ಮನಸ್ಸಾಗಲಿಲ್ಲ.

ಬೇಸಿಗೆ ಶುರುವಾಗುವ ಮೊದಲೇ ಬಾಯಿಸಾಹೇಬರು ತಮ್ಮ ದೇಶಕ್ಕೆ ಹೊರಟರು. ಸ್ಟೇಶನ್ನಿಗೆ ಸಾಹೇಬರೂ ಬಂದಿದ್ದರು. ಸಾಮಾನು ಏರಿಸಿ, ಟೋಪಿ ತೆಗೆದು ನಿಂತರು. ಗಾಡಿ ಹೊರಟಾಗ ಬಾಯಿಸಾಹೇಬರು ಕಿಟಕಿಯಿಂದ ನನಗೆ, "ಹೋಗಿ ಬರ್ತೇನಿ," ಎಂದರು. ಹೋಗುವಾಗ ಹಾಗೆ ಅನ್ನಬೇಕೆಂದು ಕಲಿಸಿದವಳು ನಾನೇ. ಮತ್ತೆ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ನಾನು ಇಳಕಲ್ಲಿಗೆ ತಿರುಗಿ ಹೋಗಲಿಲ್ಲ. ಮಾಮಲೇದಾರರು ಹೇಳಿ ಹುನಗುಂದದ ಹೆಣ್ಣುಮಕ್ಕಳ ಸಾಲೆಯಲ್ಲಿ ನನಗೆ ಕೆಲಸ ಕೊಡಿಸಿದರು. ಸಾಲೆಯ ಹಿಂದೆ ಒಂದು ಕೋಣೆ ಸಿಕ್ಕಿತು. ಮೊದಲ ಸಂಜೆ ಒಲೆ ಹಚ್ಚಿ, ಒಬ್ಬಳಿಗೇ ಎಷ್ಟು ಹಿಟ್ಟು ನಾದಬೇಕೆಂದು ತಿಳಿಯದೆ, ಮೂರು ರೊಟ್ಟಿ ಬಡಿದೆ. ಒಂದನ್ನು ಉಂಡೆ. ಉಳಿದವನ್ನು ಬುಟ್ಟಿಯಲ್ಲಿ ಮುಚ್ಚಿಟ್ಟು, ಹೊಸ್ತಿಲ ಮೇಲೆ ಕುಳಿತು, ಹಾದುಹೋಗುವ ಎತ್ತಿನ ಬಂಡಿಗಳನ್ನು ನೋಡಿದೆ.