ನಮ್ಮ ವಿಮಾನದ ಓರೆ ರೆಕ್ಕೆ

ಶುಕ್ರವಾರದ ಮೀಟಿಂಗ್‌ನಲ್ಲಿ ಪರದೆಯ ಮೇಲೆ ಮೂಡಿದ ವಿಮಾನ ನಮ್ಮದಾಗಿರಲಿಲ್ಲ.

ಅದರ ಕೆಳಗಿದ್ದ ಗ್ರಾಫ್ ಮಾತ್ರ ನಮ್ಮದೇ!

ಯಲಹಂಕದ ಸಣ್ಣ ಕಂಪನಿಯೊಂದರಲ್ಲಿ ನಾನು ಎಂಜಿನಿಯರ್. ಶಬ್ದಕ್ಕಿಂತ ವೇಗವಾಗಿ ಹಾರುವ ಪ್ರಯಾಣಿಕರ ವಿಮಾನದ ಡಿಸೈನ್ ನಮ್ಮ ಕೆಲಸ.

ನಾನು ಮತ್ತು ಸಹೋದ್ಯೋಗಿ ಇಮ್ರಾನ್ ಸೇರಿ ರೂಪಿಸಿದ್ದು ಓರೆ ರೆಕ್ಕೆ. ಇಡೀ ವಿಮಾನಕ್ಕೆ ಒಂದೇ ಉದ್ದನೆಯ ರೆಕ್ಕೆ, ವೇಗ ಹೆಚ್ಚಿದಂತೆ ತಿರುಗುತ್ತದೆ... ಒಂದು ತುದಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ.

ನೋಡಲು ಸೊಟ್ಟ, ನಿಜ. ಆದರೆ ಅದರ ಮಾಡೆಲ್ ಮೇಲೆ ಜೋರು ಗಾಳಿ ಹಾಯಿಸಿ ಪರೀಕ್ಷಿಸಿದ ದಿನ, ಫಲಿತಾಂಶದ ಗ್ರಾಫ್ ನೋಡಿ ಇಮ್ರಾನ್ ಲ್ಯಾಬ್‌ನಲ್ಲೇ ಕುಣಿದಿದ್ದ.

ಪರದೆಯ ಮೇಲಿದ್ದದ್ದು ಮಾಮೂಲಿ ತ್ರಿಕೋನ ರೆಕ್ಕೆ. ಹಣ ಹೂಡಲು ಬಂದವರಿಗೆ ನಮ್ಮ ಬಾಸ್ ಹೇಳುತ್ತಿದ್ದಾರೆ, "ಇದು ಟೆಸ್ಟ್ ಆಗಿರೋ ಡಿಸೈನ್."

ಮೈಯೆಲ್ಲ ಉರಿದುಹೋಯಿತು. ಬಾಸನ್ನು ಹೊರಗೆ ಕರೆದೆ.

"ಸರ್, ಆ ರೆಕ್ಕೆನ ನಾವು ಟೆಸ್ಟೇ ಮಾಡಿಲ್ಲ."

"ಗೊತ್ತಮ್ಮ. ನಿಮ್ದು ನೋಡಿದ್ರೆ ಮುರ್ಕೊಂಡಿರೋ ಥರ ಇದೆ, ಜನ ನಗ್ತಾರೆ. ಬರೀ ಚಿತ್ರ ತಾನೇ? ಆಮೇಲ್ ನೋಡ್ಕೊಳೋಣ ಬಿಡಿ."

ಬರೀ ಚಿತ್ರವಂತೆ! ಆ ಗ್ರಾಫ್ ನಂಬಿ ನಾಳೆ ಯಾರೋ ಅದನ್ನೇ ಕಟ್ಟುತ್ತಾರೆ. ಅದರೊಳಗೆ ಜನ ಕೂರುತ್ತಾರೆ ಸ್ವಾಮಿ.

ಒಳಗೆ ಹೋದವಳೇ ಎಲ್ಲರೆದುರು ಹೇಳಿಬಿಟ್ಟೆ, "ಈ ಗ್ರಾಫ್ ಈ ವಿಮಾನದ್ದಲ್ಲ."

ಬಂದವರಲ್ಲಿ ಒಬ್ಬ ಹೆಂಗಸು ಕೇಳಿದರು, "ಮತ್ತೆ ಯಾವುದರದ್ದು?"

ಇಮ್ರಾನ್ ಎದ್ದು ಹೋಗಿ ನಮ್ಮ ಮಾಡೆಲ್ ತಂದು ಮೇಜಿನ ಮೇಲಿಟ್ಟ. ಆಕೆ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ನೋಡಿದರು... ಆಮೇಲೆ ಬ್ಯಾಗ್ ಎತ್ತಿಕೊಂಡರು. ಉಳಿದವರೂ ಅವರ ಹಿಂದೆಯೇ ಹೊರಟರು.

ಸಂಜೆಯೊಳಗೆ ನಮ್ಮಿಬ್ಬರ ಐಡಿ ಕಾರ್ಡ್ ಕಿತ್ತುಕೊಂಡರು. ಮಾಡೆಲ್ ಕೇಳಿದ್ದಕ್ಕೆ "ಅದು ಕಂಪನಿ ಆಸ್ತಿ" ಎಂಬ ಉತ್ತರ ಬಂತು.

ಹೆಬ್ಬಾಳದ ಟ್ರಾಫಿಕ್‌ನಲ್ಲಿ ಬೈಕ್ ನಿಲ್ಲಿಸಿಕೊಂಡು ಇಮ್ರಾನ್ ಹೇಳಿದ, "ಕೆಲಸ ಹೋಗ್ಲಿ ಬಿಡು ಗುರು. ಆ ರೆಕ್ಕೆನ ಅವರ ಹತ್ರ ಬಿಟ್ಟು ಬಂದ್ವಲ್ಲ, ಅದೇ ಹೊಟ್ಟೆ ಉರೀತಿದೆ."

ಇವತ್ತು ಬೆಳಗ್ಗೆ ನೋಡಿದರೆ ಕಂಪನಿಯ ಪೇಜ್‌ನಲ್ಲಿ ಅದೇ ತ್ರಿಕೋನ ರೆಕ್ಕೆ, ಅದೇ ಗ್ರಾಫ್. ನಾಚಿಕೆಯೇ ಇಲ್ಲ.

ಬಾಗಲೂರಿನ ನಮ್ಮ ಚಿಕ್ಕಪ್ಪ ಅದನ್ನು ನೋಡಿ ಖುಷಿಯಿಂದ ವಾಯ್ಸ್ ಮೆಸೇಜ್ ಕಳಿಸಿದ್ದಾರೆ: "ಇಮಾನ ಬಲು ಚೆಂದಾಗೈತೆ ಕಣವ್ವ, ಇಂಗೇ ಮುಂದುಕ್ ಓಗು."

ಅವರಿಗೆ ಏನಂತ ಉತ್ತರ ಬರೆಯಲಿ, ನೀವೇ ಹೇಳಿ?