ಫೀಜು ಸರ್ ಒತ್ತಿದ ಮೊಹರು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಆ ಸೀಳಿನಲ್ಲಿ ಮೊಹರಿನ ನೇರಳೆ ಶಾಯಿ ಸದಾ ಇಂಗಿರುತ್ತಿತ್ತು. ಬಳ್ಳಾರಿಯ ನರ್ಸಿಂಗ್ ಕಾಲೇಜಿಗೆ ಸೇರಿದ ಮೊದಲ ತಿಂಗಳುಗಳಲ್ಲಿ ನಾನು ಅವರನ್ನು ಗುರುತಿಸುತ್ತಿದ್ದದ್ದು ಆ ಉಗುರಿನಿಂದಲೇ. ಫೀಜು ಕಟ್ಟುವ ಕೌಂಟರಿನ ಗಾಜಿಗೆ ಒಳಗಿನಿಂದ ನೋಟಿಸುಗಳನ್ನು ಅಂಟಿಸಿದ್ದರು. ಕೆಳಗಿನ ಕಿಂಡಿಯಲ್ಲಿ ಕೈ ಮಾತ್ರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ನಾವೆಲ್ಲ ಅವರನ್ನು ಫೀಜು ಸರ್ ಎನ್ನುತ್ತಿದ್ದೆವು.

ಯಾರೇ ಹೋಗಿ ನಿಂತರೂ ಮೊದಲು, “ಊಟ ಆತೇನಮ್ಮ?” ಎಂದು ಕೇಳುವರು. ಆಮೇಲೆ ಬಾಕಿ ಎಷ್ಟೆಂದು ಹೇಳುವರು. ಊಟ ವಿಚಾರಿಸಿಯೇ ಕುತ್ತಿಗೆ ಹಿಚುಕುತ್ತಾರೆ ಎಂದು ಹಾಸ್ಟೆಲಿನಲ್ಲಿ ಅವರ ಹಾಗೇ ದನಿ ತೆಗೆದು ನಗುತ್ತಿದ್ದೆವು. ದುಡ್ಡು ಕೊಟ್ಟಾಗ ಇನ್ನೊಂದು ಪ್ರಶ್ನೆ: “ಬಸ್ಸಿಗೆ ಇಟ್ಕೊಂಡೀಯೇನು?” ನಾವು ತಡವರಿಸಿದರೆ ನೂರರ ನೋಟೊಂದು ಕಿಂಡಿಯಿಂದ ವಾಪಸು ಬರುತ್ತಿತ್ತು. ರಸೀದಿಯಲ್ಲಿ ನೂರು ಕಡಿಮೆ. “ಮುಂದಿನ ಸಲ ಕಟ್ಟು. ಊರಿಗೆ ಹೋಗಾಕ ಬೇಕಲ್ಲ” ಎನ್ನುವರು. ಇದಕ್ಕಿಂತ ಹೆಚ್ಚು ಏನು ಬೇಡಿದರೂ ಉತ್ತರ ಒಂದೇ, “ನನ್ನ ಕೈಯಾಗ ಏನಿಲ್ಲಮ್ಮ.”

ನಮ್ಮದು ಸಿರುಗುಪ್ಪದ ಹತ್ತಿರದ ಕರೂರು. ಅಪ್ಪ ಅವ್ವ ಇಬ್ಬರೂ ಗದ್ದೆ ಕೂಲಿ. ನಾನು ಪಿಯುಸಿ ಮುಗಿಸಿದ ಬೇಸಿಗೆಯಲ್ಲಿ ಕಾಲೇಜಿನ ಕಡೆಯವನೊಬ್ಬ ಮನೆಗೆ ಬಂದು, ಸರ್ಕಾರದ ಸ್ಕಾಲರ್‌ಶಿಪ್ಪಿನಲ್ಲೇ ಓದು ಮುಗಿಯುತ್ತದೆ, ನೀವು ಒಂದು ರೂಪಾಯಿಯೂ ಕೊಡಬೇಕಿಲ್ಲ ಎಂದಿದ್ದ. ನನ್ನ ಅಂಕಪಟ್ಟಿ, ಟೀಸಿ ಎಲ್ಲವನ್ನೂ ಅಂದೇ ಒಯ್ದ. ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಸ್ಕಾಲರ್‌ಶಿಪ್ ಸಾಲದು, ಉಳಿದದ್ದನ್ನು ನೀವೇ ಕಟ್ಟಬೇಕು, ಕಟ್ಟದಿದ್ದರೆ ಹಾಲ್ ಟಿಕೆಟ್ ಇಲ್ಲ ಎಂದರು. ಹಾಗಿದ್ದರೆ ಬಿಟ್ಟು ಹೋಗುತ್ತೇನೆ, ನನ್ನ ಕಾಗದಗಳನ್ನು ಕೊಡಿ ಎಂದೆ. ಬಿಟ್ಟು ಹೋಗುವುದಾದರೆ ಮುಂದಿನ ಎರಡು ವರ್ಷದ್ದೂ ಸೇರಿಸಿ ಕಟ್ಟಬೇಕಂತೆ. ಇರಲೂ ದುಡ್ಡು ಬೇಕು, ಹೋಗಲು ಅದಕ್ಕಿಂತ ಹೆಚ್ಚು ಬೇಕು. ಆ ದಿನಗಳಲ್ಲಿ ಅನಾಟಮಿ ಪುಸ್ತಕ ತೆರೆದರೆ ಅಕ್ಷರ ಕಾಣುತ್ತಿದ್ದವು, ಒಂದೂ ತಲೆಗೆ ಹೋಗುತ್ತಿರಲಿಲ್ಲ.

ಅವ್ವ ಒಂದು ದಿನದ ಕೂಲಿ ಬಿಟ್ಟು ಬಂದಳು. ಪ್ರಿನ್ಸಿಪಾಲರ ಕೋಣೆಯ ಹೊರಗೆ ಬೆಳಿಗ್ಗೆಯಿಂದ ನೆಲದ ಮೇಲೆ ಕೂತಳು. ಬೆಂಚಿತ್ತು, ಅದರ ಮೇಲೆ ಕೂರಲಿಲ್ಲ. ಯಾರೂ ಒಳಗೆ ಕರೆಯಲಿಲ್ಲ. ಸಂಜೆ ಕಾಲೇಜು ಬಾಗಿಲು ಹಾಕುವಾಗ ನಾವಿಬ್ಬರೂ ಬಸ್‌ಸ್ಟ್ಯಾಂಡಿಗೆ ನಡೆದೆವು. ಸಿರುಗುಪ್ಪದ ಬಸ್ಸಿಗೆ ಕಾಯುತ್ತಿದ್ದಾಗ ತೆಳ್ಳನೆಯ, ನೆರೆತ ಮೀಸೆಯವರೊಬ್ಬರು ಬಂದು ಪಕ್ಕದಲ್ಲಿ ಕುಳಿತರು. ಕೈ ನೋಡಿ ಫೀಜು ಸರ್ ಎಂದು ತಿಳಿಯಿತು. ದಿನಾ ಕುರುಗೋಡಿನಿಂದ ಓಡಾಡುತ್ತಿದ್ದರಂತೆ.

“ಬಾಯಿಲೆ ಕೇಳಿದ್ರ ಅಲ್ಲಿ ಯಾರೂ ಕೇಳಂಗಿಲ್ರಿ ಅಮ್ಮಾರ” ಎಂದು ಅವ್ವನಿಗೆ ಹೇಳಿದರು. “ಬರದು ಕೇಳ್ರಿ.”

ಅವ್ವ, “ನಮಗ ಬರಿಯಾಕ ಎಲ್ಲಿ ಬರತೈತ್ರಿ” ಎಂದಳು.

“ಹುಡುಗಿ ಬರೀತಾಳ.” ನನ್ನ ನೋಟ್‌ಬುಕ್ಕು ತೆರೆಸಿ ಹೇಳುತ್ತಾ ಹೋದರು. ಹಾಲ್ ಟಿಕೆಟ್ ಕೊಡಿ, ಇಲ್ಲವೇ ನನ್ನ ಮೂಲ ದಾಖಲೆಗಳನ್ನು ಕೊಡಿ. ಎರಡೂ ಕೊಡುವುದಿಲ್ಲವಾದರೆ ಯಾಕೆಂದು ಬರೆದು ಕೊಡಿ. “ಯಾಕ ಅಂತ ಅವರು ಬರದು ಕೊಡಂಗಿಲ್ಲ. ಅದs ನಿನಗ ದಾರಿ. ನಾಳಿ ಕೌಂಟರಿಗೆ ತಗೊಂಡು ಬಾ. ತಲುಪೈತಿ ಅಂತ ನಾ ಮೊಹರು ಒತ್ತಿ ಕೊಡತೀನಿ. ಆಮ್ಯಾಲ ಅದನ್ನ ಹಿಡಕೊಂಡು ದೊಡ್ಡ ಆಫೀಸಿಗೆ ಹೋಗು.”

“ನಿಮಗ ತೊಂದ್ರಿ ಆಗಂಗಿಲ್ಲೇನು ಸರ್?”

ಅವರು ಬಸ್ಸುಗಳತ್ತ ನೋಡುತ್ತಲೇ ಹೇಳಿದರು, “ನಿನ್ನ ಕಾಗದ ಇಟ್ಟ ಬೀರುವಿನಾಗs ನನ್ನ ಡಿಗ್ರಿ ಸರ್ಟಿಫಿಕೇಟೂ ಐತಿ. ಕೆಲಸಕ್ಕ ಸೇರಿದ ದಿನ ಇಸಗೊಂಡ್ರು. ಬ್ಯಾರೆ ಕಡಿ ಹೋಗಬೇಕಂತ ಎರಡು ಸಲ ಕೇಳಿದೆ.” ಅವ್ವನ ಬಸ್ಸು ಬರುವ ಮೊದಲು ಅವರ ಊರಿನ ಎರಡು ಬಸ್ಸು ಹೊರಟುಹೋಗಿದ್ದವು.

ಮರುದಿನ ಅರ್ಜಿಯನ್ನೂ ಅದರ ನಕಲನ್ನೂ ಕಿಂಡಿಯಲ್ಲಿ ಇಟ್ಟೆ. “ಊಟ ಆತೇನಮ್ಮ?” ಎಂದರು. ಎಂದೂ ಕಾಣದ ಕಾಗದದಂತೆ ನಿಧಾನಕ್ಕೆ ಓದಿದರು. ನಕಲಿನ ಮೇಲೆ ಮೊಹರು ಒತ್ತಿ, ಕೆಳಗೆ ತಮ್ಮ ಪೂರ್ತಿ ಹೆಸರು ಬರೆದು ಸಹಿ ಮಾಡಿದರು. ಅಷ್ಟು ಬರೆಯುವ ಅಗತ್ಯವಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಜಿಲ್ಲಾ ಕಚೇರಿಯಲ್ಲಿ ಅಹವಾಲು ಕೇಳುವ ದಿನ ಹೋದೆ. ಅಧಿಕಾರಿ ಕೇಳಿದ ಮೊದಲ ಮಾತೇ, “ಕಾಲೇಜಿಗೆ ಬರೆದುಕೊಟ್ಟಿದ್ದೀಯಾ?” ನಕಲು ತೋರಿಸಿದೆ. ಅವರು ಅಲ್ಲೇ ಫೋನು ಮಾಡಿದರು. ಪರೀಕ್ಷೆಗೆ ಎರಡು ದಿನ ಇದ್ದಾಗ ಹಾಲ್ ಟಿಕೆಟ್ ಕೈಗೆ ಬಂತು. ಬಾಕಿಯನ್ನು ಕಂತಿನಲ್ಲಿ ಕಟ್ಟಲು ಒಪ್ಪಿದರು.

ಹಾಲ್ ಟಿಕೆಟ್ ಕೊಟ್ಟ ಕೈ ಬೇರೆಯವರದು.

ನಮಗಿಂತ ಒಂದು ವರ್ಷ ಮುಂದೆ, ಮೂರನೇ ವರ್ಷದಲ್ಲಿ, ಕುರುಗೋಡಿನ ಒಬ್ಬ ಅಕ್ಕ ಇದ್ದಳು. ಯಾರ ಜೊತೆಗೂ ಬೆರೆಯದ ಹುಡುಗಿ. ಪರೀಕ್ಷೆ ಮುಗಿದ ದಿನ ನೀರಿನ ನಲ್ಲಿಯ ಹತ್ತಿರ ನನ್ನನ್ನು ನಿಲ್ಲಿಸಿದಳು. “ಮೊಹರು ಒತ್ತಿಸಿಕೊಂಡಾಕಿ ನೀನs ಅಲ್ಲ? ಅವರು ನಮ್ಮಪ್ಪಾಜಿ. ಕೆಲಸದಾಗ ಅದಾರ ಅಂತ ನನಗ ಅರ್ಧ ಫೀಜು ಇತ್ತು. ಈಗ ಅವರನ್ನ ಕೆಲಸದಿಂದ ತಗದಾರ, ನಾ ಪೂರ್ತಿ ಕಟ್ಟಬೇಕಂತ.” ನಾನು ಕ್ಷಮಿಸು ಎಂದೆನೋ ಇಲ್ಲವೋ ನೆನಪಿಲ್ಲ. ಬಾಟಲಿ ತುಂಬಿ ಹೊರಗೆ ಚೆಲ್ಲುತ್ತಿತ್ತು. ಅವಳು ಮುಚ್ಚಳ ಹಾಕಿಕೊಂಡು ಹೋದಳು. ನಾಲ್ಕನೇ ವರ್ಷಕ್ಕೆ ಬರಲಿಲ್ಲ. ಕುಡತಿನಿಯಲ್ಲಿ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ ಎಂದು ಯಾರೋ ಹೇಳಿದರು.

ನಾನು ಪಾಸಾದೆ. ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಎರಡು ವರ್ಷದ ನಂತರ ಫೀಜು ಸರ್ ತೀರಿಕೊಂಡರೆಂಬ ಸುದ್ದಿ ಬಂತು. ಕೊನೆಯವರೆಗೂ ಗೊಬ್ಬರದಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದರಂತೆ. ಮೂರನೇ ದಿನ ಕುರುಗೋಡಿಗೆ ಹೋದೆ.

ಮಗಳು ಬಾಗಿಲಲ್ಲಿ ಕಂಡಳು. ಒಳಗೆ ಕರೆದಳು, ಚಾಪೆ ಹಾಸಿದಳು. ನಿಂತುಹೋಗಿದ್ದ ಓದನ್ನು ಆ ವರ್ಷವೇ ಮತ್ತೆ ಶುರುಮಾಡಿದ್ದಳು.

“ಅಪ್ಪಾಜಿ ನಿನ್ನ ಕೇಳಿದ್ರು” ಎಂದಳು. “ಆ ಕರೂರಿನ ಹುಡುಗಿ ಪಾಸಾದಳೇನು ಅಂತ. ನನಗ ಗೊತ್ತಿತ್ತು. ಸಿಟ್ಟಿತ್ತು ನಿನ್ನ ಮ್ಯಾಲ. ಗೊತ್ತಿಲ್ಲ ಅಂದೆ.”

ಅವಳಿಗೆ ಸಿಟ್ಟಾದರೂ ಇತ್ತು. ನನಗಿದ್ದದ್ದು ಬರೀ ನಾಚಿಕೆ. ಪಾಸಾದೆ ಸರ್ ಎಂದು ಹೇಳಿ ಬರಲು ಬಳ್ಳಾರಿಯಿಂದ ಒಂದು ತಾಸಿನ ದಾರಿ. ಎರಡು ವರ್ಷ ನಾನು ಆ ಬಸ್ಸು ಹತ್ತಲಿಲ್ಲ.